ಬಾಲ್ಕನಿ ಗೊಬ್ಬರದ ಮಾಹಿತಿ ಚಿತ್ರಗಳು: ನೋಡಬೇಕಾದದ್ದೇನು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಇನ್ನು ಸಾಕೆಂದು ಹೋರಾಡಿದ್ದು 2014ರಲ್ಲಿ. ಮರುವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು, ಅಂದರೆ ಹಸಿ ಕಸಕ್ಕೊಂದು ಬುಟ್ಟಿ, ಡೈಪರ್, ಪ್ಯಾಡಿನಂಥ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಕ್ರಮವನ್ನು, ನಗರದ ಮನೆಗಳಿಗೆ ಕಡ್ಡಾಯಗೊಳಿಸಿತು. ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡಿ ಎಂದು ಹೇಳುವ ಮಾಹಿತಿ ಚಿತ್ರಗಳನ್ನು, ಅಂದರೆ ಇನ್ಫೋಗ್ರಾಫಿಕ್‌ಗಳನ್ನು, ಇಂದು ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದಲ್ಲಿಯೂ ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಕಾಣುತ್ತೇವೆ. ಅವು ಅಂದವಾಗಿವೆಯೇ ಎಂಬುದಕ್ಕಿಂತ, ಅವನ್ನು ನಂಬಿ ಬಾಲ್ಕನಿಯಲ್ಲಿ ಗೊಬ್ಬರದ ಮಡಕೆ ಇಟ್ಟವರು ಎರಡನೆಯ ವಾರವೂ ಅದನ್ನು ಮುಂದುವರಿಸಬಲ್ಲರೇ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚಿನ ಚಿತ್ರಗಳು ಸೋಲುವುದು ಅಳತೆಯ ವಿಷಯದಲ್ಲಿ. ತರಕಾರಿ ಸಿಪ್ಪೆಯಲ್ಲಿ ನೀರೇ ಹೆಚ್ಚು. ಗಾಳಿಯಾಡಲು ಎಡೆಯಿಲ್ಲದಂತೆ ಅದು ಮುದ್ದೆಯಾದರೆ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆದು ಕೊಳೆತ ನಾತ ಏಳುತ್ತದೆ. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು; ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದರೆ ಕಸ ಚೆನ್ನಾಗಿ ಕಳಿಯುತ್ತದೆ. ಆದರೆ ಈ ಲೆಕ್ಕವನ್ನು ಹಾಗೆಯೇ ಅಚ್ಚು ಹಾಕಿದರೆ ಅಡುಗೆಮನೆಯಲ್ಲಿ ನಿಂತವರಿಗೆ ಏನೂ ಸಿಗದು. ಒಂದು ಬಟ್ಟಲು ಸಿಪ್ಪೆಗೆ ಕಡಿಮೆಯೆಂದರೂ ಒಂದು ಬಟ್ಟಲು ಒಣ ಎಲೆಯ ಪುಡಿ ಅಥವಾ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಎಂದು ಎರಡು ಬಟ್ಟಲುಗಳನ್ನೇ ಅಕ್ಕಪಕ್ಕ ಬರೆದು ತೋರಿಸಿದ ಚಿತ್ರಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಬಣ್ಣವೂ ದಾರಿ ತಪ್ಪಿಸಬಲ್ಲದು. ಸಾರಜನಕ ಹೆಚ್ಚಿರುವುದಕ್ಕೆ ಹಸಿರು, ಇಂಗಾಲ ಹೆಚ್ಚಿರುವುದಕ್ಕೆ ಕಂದು ಎಂಬ ಗುರುತು ಹೊರದೇಶಗಳ ಚಿತ್ರಗಳಿಂದ ಬಂದದ್ದು. ಫಿಲ್ಟರಿನಲ್ಲಿ ಉಳಿದ ಕಾಫಿ ಗಸಿ ಕಣ್ಣಿಗೆ ಕಂದು. ಸೇರಬೇಕಾದದ್ದು ಹಸಿರಿನ ಗುಂಪಿಗೆ. ಅದನ್ನು ಒಣ ಎಲೆಯ ಬದಲು ಸುರಿದವರ ಮಡಕೆ ನಾರಿದರೆ ತಪ್ಪು ಅವರದಲ್ಲ, ಚಿತ್ರದ್ದು. ಬೇಯಿಸಿದ ಆಹಾರದ ಮೇಲೆ ದೊಡ್ಡ ಕೆಂಪು ಗುಣಾಕಾರ ಚಿಹ್ನೆ ಹಾಕಿ ಸುಮ್ಮನಾಗುವುದೂ ಹೀಗೆಯೇ ಎರವಲು ತಂದ ಅಭ್ಯಾಸ. ಉಳಿದ ಅನ್ನ, ಪಲ್ಯ ನಮ್ಮ ಹಸಿ ಕಸದಲ್ಲಿ ಇದ್ದೇ ಇರುತ್ತವೆ. ನೀರು ಬಸಿದು, ಸ್ವಲ್ಪ ಸ್ವಲ್ಪವೇ ಹಾಕಿ, ಮೇಲೆ ಒಣ ಪುಡಿ ಧಾರಾಳವಾಗಿ ಮುಚ್ಚಿದರೆ ಅವೂ ಕಳಿಯುತ್ತವೆ. ಮೂಳೆ, ಮಾಂಸ, ಎಣ್ಣೆ ಮಾತ್ರ ಬಾಲ್ಕನಿಯ ಮಡಕೆಗೆ ಬೇಡ ಎಂದು ಬಿಡಿಸಿ ಹೇಳಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರವಾದದ್ದು. ತೂತುಗಳಿರುವ ಮಡಕೆಯನ್ನೂ ಕಸವನ್ನು ಗಾಳಿಯಿಲ್ಲದೆ ಹುಳಿಯಿಸುವ ಬೊಕಾಶಿ ಎಂಬ ಪದ್ಧತಿಯ ಡಬ್ಬಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎರಡಕ್ಕೂ ಒಂದೇ ಸೂಚನೆ ಕೊಟ್ಟುಬಿಡುತ್ತಾರೆ. ಮಡಕೆಗೆ ಗಾಳಿ ಬೇಕು, ಆಗಾಗ ಕೆದಕಬೇಕು. ಬೊಕಾಶಿ ನಡೆಯುವುದು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ. ಅಲ್ಲಿ ಆಗುವುದು ಹುಳಿಯುವಿಕೆ, ಹಾಗಾಗಿ ಹೊರತೆಗೆದ ಮೇಲೆ ಅದನ್ನು ಮಣ್ಣಿನೊಡನೆ ಬೆರೆಸಿ ಮತ್ತೆ ಕೆಲವು ವಾರ ಬಿಡಬೇಕು. ಮಣ್ಣೇ ಇಲ್ಲದ ಒಂದು ಕೋಣೆಯ ಮನೆಯವರಿಗೆ ಈ ಕೊನೆಯ ಹಂತವನ್ನು ಹೇಳದಿರುವುದು ಅನ್ಯಾಯ.

ಹುಳು ಕಂಡಾಗ ಏನು ಮಾಡಬೇಕು ಎಂಬುದಕ್ಕೆ ಬಹುತೇಕ ಚಿತ್ರಗಳಲ್ಲಿ ಜಾಗವೇ ಇರುವುದಿಲ್ಲ, ಆದರೆ ಜನ ಕೈಬಿಡುವುದು ಆ ದಿನವೇ. ಮಡಕೆಯಲ್ಲಿ ಕಾಣುವ ದಪ್ಪ ಹುಳುಗಳು ಸಾಮಾನ್ಯವಾಗಿ ಕಪ್ಪು ಸೈನಿಕ ನೊಣದ ಮರಿಗಳು; ಅವು ಕಸವನ್ನು ಬೇಗ ತಿಂದು ಮುಗಿಸುತ್ತವೆ, ಕಚ್ಚುವುದಿಲ್ಲ. ತೇವ ಹೆಚ್ಚಾಗಿದೆ, ಒಣ ಪುಡಿ ಸೇರಿಸಿ ಕೆದಕಿ ಎಂಬ ಒಂದು ಸಾಲು ಅಲ್ಲಿದ್ದರೆ ಎಷ್ಟೋ ಮಡಕೆಗಳು ಉಳಿಯುತ್ತಿದ್ದವು.

ಅಚ್ಚಿಗೆ ಕಳಿಸುವ ಮುನ್ನ ಚಿತ್ರವನ್ನು ಫೋನಿನ ಪರದೆಯಷ್ಟು ಚಿಕ್ಕದು ಮಾಡಿ, ಮನೆಯಲ್ಲಿ ನಿಜವಾಗಿ ಕಸ ವಿಂಗಡಿಸುವವರ ಕೈಗೆ ಕೊಡಿ. ಅನೇಕ ಮನೆಗಳಲ್ಲಿ ಅವರು ಕೆಲಸಕ್ಕೆ ಬರುವ ಹೆಂಗಸರು. ಅಕ್ಷರ ಓದದೆ, ಚಿತ್ರ ನೋಡಿಯೇ, ಇಂದು ಏನು ಹಾಕುತ್ತೀರಿ, ನಾತ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಅವರು ತಡವರಿಸಿದ ಜಾಗವನ್ನು ಗುರುತು ಹಾಕಿಕೊಂಡು, ಚಿತ್ರಕಾರರಿಂದ ಆ ಭಾಗವನ್ನು ಮತ್ತೆ ಬರೆಯಿಸಿ.