ಗೇಮ್‌ನಿಂದ ಮನೆಯ ಮಾತು ನಿಂತಾಗ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಇಷ್ಟು ಜನ ಅಪ್ಪ-ಅಮ್ಮಂದಿರು ಬಂದಿದ್ದೀರಿ, ತುಂಬ ಸಂತೋಷ. ಹೆಚ್ಚಿನವರು ಕೇಳುವುದು ಒಂದೇ: "ಮಗ ದಿನಕ್ಕೆ ಎಷ್ಟು ಗಂಟೆ ಗೇಮ್ ಆಡಬಹುದು?" ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ಅವನು ನಿಮ್ಮ ಜೊತೆ ಕೂತು ಸರಿಯಾಗಿ ಮಾತಾಡಿ ಎಷ್ಟು ದಿನವಾಯಿತು?

ಗೇಮ್ ಆಡುವವರೆಲ್ಲ ಅದರ ದಾಸರಲ್ಲ. ಜೋರು ಮಳೆಗೆ ಕಲೆಕ್ಟರ್ ರಜೆ ಕೊಟ್ಟ ದಿನ ಮಕ್ಕಳು ಸ್ವಲ್ಪ ಜಾಸ್ತಿ ಆಡಿದರೆ ಹೆದರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್, ಅಂದರೆ ಗೇಮ್ ಚಟದ ಕಾಯಿಲೆ ಕೂಡ ಇದೆ. ಅಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ನಿದ್ದೆ, ಓದು, ಮನೆಯವರು ಎಲ್ಲಕ್ಕಿಂತ ಆಟವೇ ಮುಂದಾಗಿದೆಯಾ, ಹಾನಿ ಕಣ್ಣಿಗೆ ಕಂಡರೂ ಬಿಡಲು ಆಗುತ್ತಿಲ್ಲವಾ ಎಂದು ನೋಡುತ್ತಾರೆ. ಸಾಮಾನ್ಯವಾಗಿ 12 ತಿಂಗಳು ಹೀಗೇ ಇದ್ದರೆ ಮಾತ್ರ ಅದು ಕಾಯಿಲೆ.

ನಮ್ಮ ಕಡೆಯ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಅಪ್ಪ ದುಬೈಯಲ್ಲೋ ಶಾರ್ಜಾದಲ್ಲೋ ಇರುತ್ತಾರೆ. ಮಗನ ಮುಖ ನೋಡುವ ಆಸೆಯಿಂದ ಒಳ್ಳೆಯ ಫೋನನ್ನೂ ಅವರೇ ಕಳಿಸಿದ್ದಾರೆ. ಡ್ಯೂಟಿ ಮುಗಿಸಿ ರೂಮಿಗೆ ಬಂದು ವಿಡಿಯೋ ಕಾಲ್ ಮಾಡಿದರೆ ಇಲ್ಲಿ ಮ್ಯಾಚ್ ನಡೆಯುತ್ತಿದೆ. ಮಗ ಕಾಲ್ ಕಟ್ ಮಾಡುತ್ತಾನೆ. ಅಮ್ಮ "ಅವನು ಮಲಗಿದ" ಎಂದು ಮೆಸೇಜ್ ಹಾಕುತ್ತಾರೆ. ನಿಜ ಗೊತ್ತಾದ ದಿನ ಅಪ್ಪನ ಸಿಟ್ಟು ಅಮ್ಮನ ಮೇಲೆ: "ಮನೆಯಲ್ಲಿದ್ದು ನೀನೇನು ಮಾಡ್ತಿದ್ದಿ?" ಅಜ್ಜ ಮೊಮ್ಮಗನ ಪರ ನಿಲ್ಲುತ್ತಾರೆ. ಆಡುವವನು ಒಬ್ಬ. ಆದರೆ ಗಂಡ-ಹೆಂಡತಿ, ಮಾವ-ಸೊಸೆ, ಅಪ್ಪ-ಮಗ ಯಾರ ನಡುವೆಯೂ ನೆಮ್ಮದಿಯ ಮಾತಿಲ್ಲ.

ಇನ್ನು ಆ "ಐದು ನಿಮಿಷ ಅಮ್ಮಾ" ಎಂಬ ಮಾತು. ಅವನು ಸುಮ್ನೆ ಹೇಳುತ್ತಿಲ್ಲ. ಪಬ್‌ಜಿಯ ಭಾರತದ ರೂಪವಾದ ಬಿಜಿಎಂಐಯಂಥ ಆಟದಲ್ಲಿ ಒಂದು ಮ್ಯಾಚಿಗೆ ನೂರು ಜನರವರೆಗೆ ಇರುತ್ತಾರೆ, ಮುಗಿಯಲು ಅರ್ಧ ಗಂಟೆ ಬೇಕಾಗಬಹುದು. ನಡುವೆ ನಿಲ್ಲಿಸಿಟ್ಟು ಬರಲು ಆಗುವುದಿಲ್ಲ. ಎದ್ದರೆ ತಂಡದ ಉಳಿದ ಮೂವರು ಬೈಯುತ್ತಾರೆ. ದಿನಾ ಬಂದರೆ ಬಹುಮಾನ, ಅದೃಷ್ಟವಿದ್ದರೆ ಬಂದೂಕಿಗೆ ಹೊಸ ಬಣ್ಣ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ ಬಹುಮಾನಕ್ಕೆ ಮನಸ್ಸು ಹೆಚ್ಚು ಅಂಟಿಕೊಳ್ಳುತ್ತದೆ. ದೊಡ್ಡವರಿಗೂ ಬಿಡಲು ಕಷ್ಟವಾಗುವ ಹಾಗೆ ಮಾಡಿಟ್ಟ ಆಟ ಅದು. ಹುಡುಗನೊಬ್ಬನನ್ನೇ ಅಪರಾಧಿ ಮಾಡುವುದು ನ್ಯಾಯವಲ್ಲ.

ಹಾಗಾಗಿ ಫೋನ್ ಕಿತ್ತುಕೊಳ್ಳಬೇಡಿ, ಹೊಡೆಯಲೇಬೇಡಿ. ಕಿತ್ತುಕೊಂಡ ದಿನ ಬಾಗಿಲು ಹಾಕಿಕೊಂಡು ಕೂತ ಮಕ್ಕಳಿದ್ದಾರೆ. "ಸಾಯ್ತೇನೆ" ಎಂದರೆ ಬೆದರಿಕೆ ಎಂದು ತಳ್ಳಿಹಾಕದೆ ಕೂಡಲೇ ಸಹಾಯ ಕೇಳಿ. ಉಳಿದಂತೆ, "ಈಗಲೇ ಬಂದ್ ಮಾಡು" ಎನ್ನುವ ಬದಲು "ಈ ಮ್ಯಾಚ್ ಆದ ಮೇಲೆ ಊಟ" ಎಂದು ಮೊದಲೇ ಮಾತಾಡಿಕೊಳ್ಳಿ. ರಾತ್ರಿ ಎಲ್ಲರ ಫೋನೂ ಚಾವಡಿಯಲ್ಲಿರಲಿ, ನಿಮ್ಮದೂ. ಅಪ್ಪಂದಿರು ಕಾಲ್ ಮಾಡಿದ ತಕ್ಷಣ ಮಾರ್ಕ್ ಕೇಳಬೇಡಿ. "ಇವತ್ತು ಯಾರ ಜೊತೆ ಆಡಿದೆ?" ಎಂದು ಕೇಳಿ ನೋಡಿ.

2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿ ನಿಷೇಧಿಸಿತು, ಮಕ್ಕಳು ಬೇರೆ ಆಟ ಹುಡುಕಿಕೊಂಡರು. ಕಾನೂನು ಬೇಕು, ಖಂಡಿತ. ಆದರೆ ಒಂಟಿತನ, ಭಯ, ಕ್ಲಾಸಿನಲ್ಲಿ ಆದ ಅವಮಾನ, ಇದರಲ್ಲಿ ಯಾವುದು ಅವನನ್ನು ಆಟದೊಳಗೆ ತಳ್ಳಿತು ಎಂದು ಕೇಳಬೇಕಾದವರು ನಾವೇ ಅಲ್ವಾ?

ಸಹಾಯ ಹತ್ತಿರವೇ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮೊಬೈಲ್, ಗೇಮ್‌ಗಳ ಚಟ ಬಿಡಿಸುವ ಕೇರಳ ಪೊಲೀಸರ ಡಿ-ಡ್ಯಾಡ್ ಕೇಂದ್ರ ಕಣ್ಣೂರಿನಲ್ಲಿದೆ, ಅಲ್ಲಿ ಮಕ್ಕಳಿಗೆ ಕೌನ್ಸೆಲಿಂಗ್ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ನಡೆಸುತ್ತಿದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಗ ಬರುವುದಿಲ್ಲ ಎಂದು ಹಟ ಹಿಡಿದರೆ ಮೊದಲ ಸಲ ನೀವೇ ಹೋಗಿ ಮಾತಾಡಿ.