ರಬ್ಬರ್ ಕಪ್ಲರ್ ಅಲ್ಲೇ ಇರಲಿ ಬಿಡ್ರಿ

ನಮಸ್ಕಾರ, ಬಳ್ಳಾರಿಯಿಂದ ಮಾತಾಡುತ್ತಿದ್ದೇನೆ. ಹಿಂದೆ ಫ್ಯಾನ್ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡು ಎನ್ನುವವರು ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದು, ಇದೇ ಕುರ್ಚಿಯಲ್ಲಿ ಕೂತು ಹೇಳಿ.

ಇವತ್ತು ಟೈರ್ ಬಗ್ಗೆ ಮಾತಾಡಬೇಕಿತ್ತು. ಆದರೆ ಬೆಳಿಗ್ಗೆ ಒಂದು ಕಾಮೆಂಟ್ ಓದಿ ತಲೆ ಕೆಟ್ಟಿತು. "ಸರ್, ನನ್ನ ಝಡ್4ಗೆ ಡ್ರೈವ್‌ಶಾಫ್ಟ್ ಕಪ್ಲರ್ ಎರಡನೇ ಸಲ ಹರಿದುಹೋಗಿದೆ. ರಬ್ಬರ್ ವೇಸ್ಟ್. ಅಲ್ಯೂಮಿನಿಯಂದು ತರಿಸುತ್ತಿದ್ದೇನೆ. ಒಂದು ಸಲ ಹಾಕಿದರೆ ಜೀವನಪೂರ್ತಿ ಚಿಂತೆ ಇಲ್ಲ. ಇಂಥ ಅಪ್‌ಗ್ರೇಡ್ ಬಗ್ಗೆ ನೀವು ಯಾಕೆ ವಿಡಿಯೋ ಮಾಡಲ್ಲ?" ಕೆಳಗೆ ಹತ್ತಾರು ಜನ ಬೆಂಕಿ ಎಮೋಜಿ ಹಾಕಿದ್ದಾರೆ.

ಮಾಡುತ್ತೇನೆ ಅಣ್ಣಾ. ಇದೇ ಆ ವಿಡಿಯೋ. ಹಾಕಿಸಬೇಡಿ. ರಬ್ಬರ್ ಇರುವುದೇ ಹೋಗಲಿಕ್ಕೆ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಝಡ್4 ಅಂದರೆ ಬಿಎಂಡಬ್ಲ್ಯು ಕಂಪನಿಯ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಅದು ತಿರುಗಿಸುವ ಚಕ್ರ ಹಿಂದೆ ಇರುವ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಶಾಫ್ಟ್ ಹೋಗುತ್ತದೆ. ನಮ್ಮ ಲಾರಿ ಮೆಕ್ಯಾನಿಕ್‌ಗಳು ಪ್ರೊಪೆಲ್ಲರ್ ಶಾಫ್ಟ್ ಎನ್ನುವುದು ಅದಕ್ಕೇ. ಬಿಎಂಡಬ್ಲ್ಯು ಥರದ ಕಾರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಶಾಫ್ಟ್ ಸೇರುವ ಕಡೆ ಒಂದು ದಪ್ಪ ರಬ್ಬರ್ ಡಿಸ್ಕ್ ಇರುತ್ತದೆ. ಅದೇ ಈ ಕಪ್ಲರ್. ಅದರಲ್ಲಿ ಆರು ಅಥವಾ ಎಂಟು ತೂತು. ಒಂದು ಬಿಟ್ಟು ಒಂದಕ್ಕೆ ಗೇರ್‌ಬಾಕ್ಸ್ ಕಡೆಯ ಬೋಲ್ಟ್, ಉಳಿದವಕ್ಕೆ ಶಾಫ್ಟ್ ಕಡೆಯ ಬೋಲ್ಟ್. ಕಬ್ಬಿಣಕ್ಕೆ ಕಬ್ಬಿಣ ತಾಗುವುದೇ ಇಲ್ಲ. ಎಂಜಿನ್ನಿನ ಅಷ್ಟೂ ಶಕ್ತಿ ಆ ರಬ್ಬರ್ ಮತ್ತು ಅದರೊಳಗೆ ಸುತ್ತಿದ ಗಟ್ಟಿ ದಾರದ ಮೂಲಕವೇ ಹಾದುಹೋಗಬೇಕು.

ಇಂಥ ಜೋಡಣೆಯನ್ನು ರೂಪಿಸಿದವನು ಆಂಟೋನಿಯೊ ಬೋಸ್ಕಿ ಅಂತ ಒಬ್ಬ ಇಟಲಿಯ ಎಂಜಿನಿಯರ್. ಅವನು ಮತ್ತು ಅವನ ಹೆಂಡತಿ ಜೀವನಪೂರ್ತಿ ಚಿತ್ರಕಲೆ ಸಂಗ್ರಹಿಸಿದರು. ಮಿಲಾನ್‌ನಲ್ಲಿ ಅವರ ಮನೆಯೇ ಈಗ ಮ್ಯೂಸಿಯಂ. ಇದು ಇವತ್ತಿನ ವಿಷಯಕ್ಕೆ ಬೇಕಿಲ್ಲ, ನನಗೆ ಇಷ್ಟ ಆಯಿತು ಅಂತ ಹೇಳಿದೆ.

ಈಗ ಆ ಡಿಸ್ಕ್ ಏನು ತಿನ್ನುತ್ತದೆ ನೋಡಿ. ಎಂಜಿನ್ ನೀರು ಹರಿದಂತೆ ತಿರುಗುವುದಿಲ್ಲ, ಏಟಿನ ಮೇಲೆ ಏಟು ಕೊಡುತ್ತದೆ. ಆರು ಸಿಲಿಂಡರ್ ಎಂಜಿನ್ ಅಂದರೆ ಒಂದು ಸುತ್ತಿಗೆ ಮೂರು ಏಟು. 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 9000, ಸೆಕೆಂಡಿಗೆ 150. ನೀವು ಆರಾಮಾಗಿ ಹಾಡು ಕೇಳುತ್ತಾ ಹೊಸಪೇಟೆ ಕಡೆ ಹೊರಟಿರುವಾಗ ಕೆಳಗೆ ಇಷ್ಟು ನಡೆಯುತ್ತಿರುತ್ತದೆ. ಟರ್ಬೊ ಇರುವ ಝಡ್4 35ಐ ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, 400 ನ್ಯೂಟನ್ ಮೀಟರ್. ಅದು ಎಂಜಿನ್ ಕೊಡುವುದು. ಕಪ್ಲರ್ ಇರುವುದು ಗೇರ್‌ಬಾಕ್ಸ್ ಆದ ಮೇಲೆ. ಮೊದಲ ಗೇರಿನಲ್ಲಿ ನಾಲ್ಕು ಪಟ್ಟು ಅಂತ ಹಿಡಿದರೂ 1600. ಸಿಗ್ನಲ್‌ನಲ್ಲಿ ಪಕ್ಕದ ಬುಲೆಟ್ ಹುಡುಗನಿಗೆ ತೋರಿಸಲಿಕ್ಕೆ ಅಂತ ಎಕ್ಸಲೇಟರ್ ಒಮ್ಮೆಲೇ ತುಳಿದಿರಿ ಅನ್ನಿ, ಆ ಏಟು ಇನ್ನೂ ಜಾಸ್ತಿ.

ಇದನ್ನೆಲ್ಲ ರಬ್ಬರ್ ಹಿಗ್ಗಿ, ಕುಗ್ಗಿ, ಬಿಸಿಯಾಗಿ ನುಂಗಿಕೊಳ್ಳುತ್ತದೆ. ಗೇರ್‌ಬಾಕ್ಸ್ ಮತ್ತು ಶಾಫ್ಟ್ ಒಂದೇ ನೇರಕ್ಕೆ ಇಲ್ಲದಿದ್ದರೆ ಅದನ್ನೂ ಸರಿದೂಗಿಸುತ್ತದೆ. ರಸ್ತೆಯಲ್ಲಿ ಹಂಪ್ ಹತ್ತಿ ಇಳಿದಾಗ ಎಂಜಿನ್ ತನ್ನನ್ನು ಹೊತ್ತ ರಬ್ಬರ್ ಮೌಂಟ್ ಮೇಲೆ ಅಲುಗಾಡುತ್ತದಲ್ಲ, ಆ ಕ್ಷಣದಲ್ಲಿ ನೇರ ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಹೀಗೇ ದುಡಿದು ಒಂದು ದಿನ ಬೋಲ್ಟ್ ತೂತಿನ ಸುತ್ತ ಬಿರುಕು ಬಿಡುತ್ತದೆ. ಬಿಡಲಿ. ಹೊಸದು ಹಾಕಿ. ಚಪ್ಪಲಿ ಸವೆಯಿತು ಅಂತ ಯಾರಾದರೂ ಕಾಲಿಗೆ ಲಾಳ ಹೊಡೆಸಿಕೊಳ್ಳುತ್ತಾರಾ?

ಅಲ್ಯೂಮಿನಿಯಂ ಹಾಕಿದರೆ ಆ ಏಟು ಮಾಯ ಆಗುತ್ತದಾ? ಇಲ್ಲ. ಹಿಂದಕ್ಕೆ ಹೋಗಿ ಡಿಫರೆನ್ಷಿಯಲ್ ಹಲ್ಲಿಗೆ ಬೀಳುತ್ತದೆ. ಮುಂದಕ್ಕೆ ಹೋಗಿ ಗೇರ್‌ಬಾಕ್ಸ್ ಬೇರಿಂಗ್‌ಗೆ ಬೀಳುತ್ತದೆ. ಶಾಫ್ಟ್ ಮಧ್ಯದ ಸೆಂಟರ್ ಬೇರಿಂಗ್ ಅಳಲಿಕ್ಕೆ ಶುರು ಮಾಡುತ್ತದೆ. ಆಯಿಲ್ ಸೀಲ್ ಸೋರುತ್ತದೆ. ಕಪ್ಲರ್ ಮಾತ್ರ ಜೀವನಪೂರ್ತಿ ಹೊಚ್ಚ ಹೊಸದಾಗಿ ಹೊಳೆಯುತ್ತಿರುತ್ತದೆ! ಗೇರ್‌ಬಾಕ್ಸ್ ಬಿಚ್ಚಿಸುವ ಬಿಲ್ ಬಂದಾಗ ಅದನ್ನು ತೆಗೆದು ಶೋಕೇಸ್‌ನಲ್ಲಿ ಇಟ್ಟುಕೊಳ್ಳಿ.

ಇಲ್ಲಿಯವರೆಗೆ ನೋಡಿದ್ದೀರಿ ಅಂದರೆ ಸಬ್‌ಸ್ಕ್ರೈಬ್ ಒತ್ತಿ. ಒತ್ತದೆ ನೋಡುವವರೇ ಜಾಸ್ತಿ ಅಂತ ನನಗೆ ಗೊತ್ತು.

"ಸರ್, ಅಮೆರಿಕಾದಲ್ಲಿ ಎಲ್ಲರೂ ಹಾಕುತ್ತಾರೆ." ಬಂತು ನೋಡಿ! ಯಾವ ಕಾರಿಗೆ ಹಾಕುತ್ತಾರೆ? ಷೆವರ್ಲೆ ಕಾರ್ವೆಟ್‌ಗೆ. 1997ರಲ್ಲಿ ಬಂದ ಸಿ5 ಕಾರ್ವೆಟ್‌ನಿಂದ ಅವರು ಗೇರ್‌ಬಾಕ್ಸನ್ನು ಹಿಂದಕ್ಕೆ, ಡಿಫರೆನ್ಷಿಯಲ್ ಪಕ್ಕಕ್ಕೆ ಒಯ್ದರು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಒಂದು ಕೊಳವೆ. ಅದರೊಳಗೆ ಶಾಫ್ಟ್, ಅದರ ಎರಡೂ ತುದಿಗೆ ರಬ್ಬರ್ ಕಪ್ಲರ್. ಅಲ್ಲಿ ಕಪ್ಲರ್ ಮೇಲೆ ಬೀಳುವುದು ಬರೀ ಎಂಜಿನ್ ಟಾರ್ಕ್, ಗೇರಿನ ಗುಣಾಕಾರ ಇಲ್ಲ. ಆದರೆ ರಬ್ಬರ್ ಹರಿದರೆ ಹಿಂದಿನ ಇಡೀ ಕ್ರೇಡಲ್, ಅಂದರೆ ಹಿಂಭಾಗದ ಸಾಮಾನೆಲ್ಲ ಹೊತ್ತ ಚೌಕಟ್ಟು, ಇಳಿಸಬೇಕು. ದೊಡ್ಡ ಕೆಲಸ, ದೊಡ್ಡ ಕೂಲಿ. ಅದಕ್ಕೇ ಅಲ್ಲಿಯವರು ಮತ್ತೆ ಬಿಚ್ಚುವುದು ಬೇಡ ಅಂತ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಹಾಕುತ್ತಾರೆ. ಪೂರ್ತಿ ಅಲ್ಯೂಮಿನಿಯಂ ಹಾಕುವವರಲ್ಲಿ ಡ್ರ್ಯಾಗ್ ರೇಸ್ ಜನ ಇದ್ದಾರೆ. 402 ಮೀಟರ್ ಓಡಿಸಿ, ಕಾರನ್ನು ಟ್ರೇಲರ್ ಮೇಲೆ ಏರಿಸಿ ಮನೆಗೆ ಒಯ್ಯುತ್ತಾರೆ. ನಿಮ್ಮ ಹತ್ತಿರ ಟ್ರೇಲರ್ ಇದೆಯಾ? ನಿಮ್ಮ ಝಡ್4ನಲ್ಲಿ ಶಾಫ್ಟ್ ಇಳಿಸಿದರೆ ಕಪ್ಲರ್ ಕೈಗೆ ಬರುತ್ತದೆ. ಅವರ ತಲೆನೋವಿಗೆ ನೀವು ಯಾಕೆ ಮಾತ್ರೆ ನುಂಗುತ್ತೀರಿ?

ಇನ್ನೊಬ್ಬರು ಬರೆದಿದ್ದಾರೆ, ಲೋಟಸ್ ಇಲಾನ್‌ನವರೂ ರಬ್ಬರ್ ಕಿತ್ತು ಎಸೆದರು ಅಂತ. ಇವರು ಸ್ವಲ್ಪ ಓದಿಕೊಂಡಿದ್ದಾರೆ, ಭೇಷ್. 1962ರ ಇಲಾನ್ ಅನ್ನುವ ಆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ, ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಹಾಫ್ ಶಾಫ್ಟ್‌ಗಳಿಗೆ ರೋಟೋಫ್ಲೆಕ್ಸ್ ಅಂತ ದಪ್ಪ ರಬ್ಬರ್ ಜೋಡಣೆ ಇತ್ತು. ಕ್ಲಚ್ ಬಿಟ್ಟರೆ ಅದು ತಿರುಚಿಕೊಂಡು ಬಿಟ್ಟು, ಕಾರು ಕುಪ್ಪಳಿಸುತ್ತಿತ್ತು. ಅದಕ್ಕೆ ಎಷ್ಟೋ ಜನ ಬದಲಾಯಿಸಿದರು, ನಿಜ. ಆದರೆ ಏನು ಹಾಕಿದರು? ಸಿವಿ ಜಾಯಿಂಟ್. ಬಾಗುವ, ತಿರುಗುವ, ಗ್ರೀಸ್ ತುಂಬಿದ ಜಾಯಿಂಟ್. ಗಟ್ಟಿ ಲೋಹದ ಬಿಲ್ಲೆ ಅಲ್ಲ. ಅರ್ಧ ಓದಿ ಕಾಮೆಂಟ್ ಹಾಕಬೇಡಿ.

"ಲಾರಿಗೆ ರಬ್ಬರ್ ಕಪ್ಲರ್ ಎಲ್ಲಿದೆ?" ಇದು ನಮ್ಮೂರಿನ ಪ್ರಶ್ನೆ. ಲಾರಿಯಲ್ಲಿ ಶಾಫ್ಟ್ ಸೇರುವ ಕಡೆ ಪ್ಲಸ್ ಆಕಾರದ ಕ್ರಾಸ್ ಇದೆ ಸ್ವಾಮಿ. ನೀಡಲ್ ಬೇರಿಂಗ್ ಇರುವ ಕ್ರಾಸ್. ಅದೂ ಬಾಗುತ್ತದೆ. ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗ್ ಇದೆ. ಸೆಂಟರ್ ಬೇರಿಂಗ್ ಸುತ್ತ ಮತ್ತೆ ರಬ್ಬರ್! ಇಷ್ಟಾದ ಮೇಲೂ ಅದಿರಿನ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಸಂಡೂರಿನಿಂದ ತೋರಣಗಲ್ಲಿಗೆ ಹೋಗಿ ಬನ್ನಿ. ಸೊಂಟ ಹಿಡಿದುಕೊಂಡು ಇಳಿದ ಮೇಲೆ ಮಾತಾಡೋಣ.

ಹೋಗಲಿ, ಎರಡು ಸಲ ಯಾಕೆ ಹರಿಯಿತು ಅಂತ ಯಾರಾದರೂ ಕೇಳಿದ್ದೀರಾ? ಇದು ಮುಖ್ಯ, ಬರೆದುಕೊಳ್ಳಿ. ಅದಿರಿನ ಕಾಲದಲ್ಲಿ ನಮ್ಮ ಕಡೆ ಎಂಥೆಂಥ ಕಾರುಗಳು ಬಂದವು ಅಂತ ನಿಮಗೇ ಗೊತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಕಾರುಗಳು ಕೈ ಬದಲಾಯಿಸುತ್ತಾ ಹೋದವು. ಮೂರನೇ ಕೈ, ನಾಲ್ಕನೇ ಕೈ. ಕೊಂಡವರು ಬಣ್ಣ ನೋಡುತ್ತಾರೆ, ಸೀಟು ನೋಡುತ್ತಾರೆ. ಕೆಳಗೆ ಬಗ್ಗಿ ಯಾರು ನೋಡುತ್ತಾರೆ? ಗೇರ್‌ಬಾಕ್ಸ್ ಮೌಂಟ್ ಕೂತುಹೋಗಿರುತ್ತದೆ. ಮೌಂಟ್ ಕೂತರೆ ಗೇರ್‌ಬಾಕ್ಸ್ ಕೆಳಗಿಳಿಯುತ್ತದೆ, ಕಪ್ಲರ್ ಸದಾ ಬಾಗಿಕೊಂಡೇ ತಿರುಗುತ್ತದೆ. ಹಿಂದಿನ ಸೀಲಿನಿಂದ ಆಯಿಲ್ ತೊಟ್ಟಿಕ್ಕುತ್ತಿರುತ್ತದೆ. ಆಯಿಲ್ ಬಿದ್ದ ರಬ್ಬರ್ ಊದಿ ಮೆತ್ತಗಾಗುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಕಾಯುತ್ತಿರುತ್ತದೆ. ಹೊರಗೆ ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಬಿಸಿಲು, 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಇಷ್ಟೆಲ್ಲ ಬಿಟ್ಟು ಬೈಯುವುದು ಮಾತ್ರ ರಬ್ಬರನ್ನು!

ಹಾಕುವ ಕೆಲಸದಲ್ಲೂ ಎಡವಟ್ಟು. ಎಷ್ಟೋ ಡಿಸ್ಕ್‌ಗಳ ಮೇಲೆ ಬಾಣದ ಗುರುತು ಇರುತ್ತದೆ, ಅದು ಫ್ಲ್ಯಾಂಜಿನ, ಅಂದರೆ ಬೋಲ್ಟ್ ಹಾಕುವ ಲೋಹದ ಭಾಗದ, ತೋಳಿನ ಕಡೆಗೆ ಮುಖ ಮಾಡಿರಬೇಕು. ತಿರುಗಿಸಿ ಕೂರಿಸಿದರೆ ಒಳಗಿನ ದಾರ ತಪ್ಪು ಕಡೆಯಿಂದ ಎಳೆತ ತಿನ್ನುತ್ತದೆ. ಬಿಗಿಯುವಾಗ ಫ್ಲ್ಯಾಂಜ್ ಕಡೆ ಸ್ಪ್ಯಾನರ್ ತಿರುಗಬೇಕು, ರಬ್ಬರ್ ಕಡೆ ಅಲುಗದಂತೆ ಹಿಡಿಯಬೇಕು. ಇಲ್ಲದಿದ್ದರೆ ಮೊದಲ ದಿನವೇ ರಬ್ಬರ್ ತಿರುಚಿಕೊಂಡಿರುತ್ತದೆ. ಲಾಕ್ ನಟ್ ಹೊಸದೇ ಹಾಕಿ. ಬಿಚ್ಚುವ ಮುಂಚೆ ಶಾಫ್ಟ್‌ಗೆ ಪೇಂಟ್ ಗುರುತು ಮಾಡಿ, ಬ್ಯಾಲೆನ್ಸ್ ಉಳಿಯುತ್ತದೆ. ಹೆಸರಿಲ್ಲದ ಡುಪ್ಲಿಕೇಟ್ ಮಾಲು ಮುಟ್ಟಬೇಡಿ. ಇಷ್ಟು ಮಾಡಿ, ರಬ್ಬರ್ ಎಷ್ಟು ದಿನ ಬಾಳುತ್ತದೆ ನೋಡಿ. ಗೇರ್ ಬದಲಾದಾಗ ಕೆಳಗೆ ಟಕ್ ಅಂದರೆ, ಹೊರಡುವಾಗ ನಡುಗಿದರೆ ಮಾತ್ರ ತಡ ಮಾಡಬೇಡಿ. ಪೂರ್ತಿ ಹರಿದರೆ ಶಾಫ್ಟ್ ಕಾರಿನ ಹೊಟ್ಟೆಗೆ ಬಡಿಯುತ್ತದೆ. "ನೋಡಿ, ರಬ್ಬರ್ ಅಪಾಯ ಅಂತ ನೀವೇ ಒಪ್ಪಿದಿರಿ" ಅಂತ ಬರೆಯಲಿಕ್ಕೆ ಕೂತಿದ್ದೀರಿ ಅಲ್ವಾ? ಬರೆಯಿರಿ. ಬ್ರೇಕ್ ಪ್ಯಾಡ್ ಕೂಡ ಸವೆಯುತ್ತದೆ, ಅದಕ್ಕೂ ಅಲ್ಯೂಮಿನಿಯಂ ಹಾಕಿಸಿಬಿಡಿ.

"ನಾನು ರೀಮ್ಯಾಪ್ ಮಾಡಿಸಿದ್ದೇನೆ, ನನ್ನದು ಬೇರೆ ಕಥೆ." ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು. ಬೇರೆ ಏನೂ ಇಲ್ಲ. ಏಟು ಜಾಸ್ತಿ ಆಯಿತು ಅಂದರೆ ಏಟು ನುಂಗುವುದು ಇನ್ನೂ ಜಾಸ್ತಿ ಬೇಕು. ರಬ್ಬರ್ ಇರುವುದೇ ಹೋಗಲಿಕ್ಕೆ ಅಂತ ಎಷ್ಟು ಸಲ ಹೇಳಬೇಕು?

ಇನ್ನೊಂದು ಕಾರಣ ಇತ್ತು. ಇಲ್ಲೇ ಬರೆದಿದ್ದೆ, ಹಾಳೆ ಫ್ಯಾನ್ ಗಾಳಿಗೆ ಎಲ್ಲೋ ಹೋಯಿತು. ಹಾಂ, ಬಣ್ಣ! ಕೆಂಪು ಬಣ್ಣದ ಅಲ್ಯೂಮಿನಿಯಂ ಕಪ್ಲರ್ ಫೋಟೋ ಕಳಿಸಿದ್ದಾರೆ. ಚಂದ ಇದೆ. ಕಾರಿನ ಕೆಳಗೆ ಯಾರು ಮಲಗಿ ನೋಡುತ್ತಾರೆ? ಒಂದು ವಾರ ತೋರಣಗಲ್ಲು ಕಡೆ ಓಡಾಡಿ, ಅದಿರಿನ ಧೂಳಿನಿಂದ ಅದೇ ಕೆಂಪು ಫ್ರೀಯಾಗಿ ಬರುತ್ತದೆ.

ಕಾರಣ ಬೇಕಾ ಇನ್ನೂ? ಬೇಡ ಅಂದರೆ ಬೇಡ. ನನ್ನ ಚಾನೆಲ್, ನಾನು ಹೇಳುತ್ತೇನೆ. ಸ್ಟಿಕರ್ ಬೇಕಾದವರಿಗೆ ಲಿಂಕ್ ಕೆಳಗೆ ಇದೆ, "ರಬ್ಬರ್ ಇರಲಿ" ಅಂತ ಹೊಸದು ಮಾಡಿಸುತ್ತಿದ್ದೇನೆ, ಕೊಪ್ಪಳ, ಗಂಗಾವತಿ ಕಡೆಯವರಿಗೆ ಕೊರಿಯರ್ ಮಾಡುತ್ತೇನೆ. ಆಗಲೇ ಅಲ್ಯೂಮಿನಿಯಂ ಹಾಕಿಸಿಕೊಂಡು ನನ್ನ ಜೊತೆ ಜಗಳಕ್ಕೆ ಬರುವವರು ಟೈಪ್ ಮಾಡಬೇಡಿ, ಗಾಡಿ ಪಕ್ಕಕ್ಕೆ ನಿಲ್ಲಿಸಲೂ ಬೇಡಿ. ಪಕ್ಕದ ಸೀಟಿನಲ್ಲಿ ಕೂತವರ ಕೈಗೆ ಫೋನ್ ಕೊಟ್ಟು, ಓಡುತ್ತಿರುವ ಕಾರಿನಿಂದಲೇ ವಾಯ್ಸ್ ನೋಟ್ ಕಳಿಸಿ. ಆ ಸದ್ದಿನಲ್ಲಿ ನಿಮ್ಮ ಮಾತು ನನಗೆ ಕೇಳಿಸಿದರೆ ಉತ್ತರ ಕೊಡುತ್ತೇನೆ.