ಹುಬ್ಬು ಏರದಿದ್ರೆ ಅದು ಪ್ರಶ್ನೆಯೇ ಅಲ್ಲ: ದಕ್ಷಿಣ ಆಫ್ರಿಕಾದ 12ನೇ ಭಾಷೆ

[ಕ್ಯಾಮೆರಾ ಮುಂದೆ]

ನಮಸ್ಕಾರ. ಹೋದ ವಾರ ನೋಡುಗರೊಬ್ರು ಒಂದು ಪ್ರಶ್ನೆ ಕಳಿಸಿದ್ರು. "ಸನ್ನೆ ಭಾಷೆಗೆ ಸರ್ಕಾರದ ಮಾನ್ಯತೆ ಬೇಕು ಅಂತ ಹೋರಾಡ್ತಾರಲ್ಲ, ಕೈ ಆಡಿಸೋಕೆ ಯಾರಪ್ಪಣೆ ಬೇಕ್ರೀ?" ಓದಿದ ತಕ್ಷಣ ನಗು ಬಂತು. ಆಮೇಲೆ ತಲೆಯಲ್ಲೇ ಕೂತುಬಿಡ್ತು. ಹೌದಲ್ಲ, ಮಾನ್ಯತೆ ಇಲ್ಲದಿದ್ರೆ ಮುಳುಗಿಹೋಗೋದಾದ್ರೂ ಏನು?

ಮೂಲ ಪಾಠ ಹತ್ತು ಸೆಕೆಂಡಲ್ಲಿ ಮುಗಿಸ್ತೀನಿ. ಜಗತ್ತಿಗೆಲ್ಲ ಒಂದೇ ಸನ್ನೆ ಭಾಷೆ ಇಲ್ಲ. ಬ್ರಿಟನ್ನಿನದು ಬೇರೆ, ಅಮೆರಿಕದ್ದು ಬೇರೆ. ಮತ್ತೆ, ಕಿವುಡರನ್ನ "ಮೂಗರು" ಅನ್ನೋದು ಬಿಡಿ. ಮಾತಿದೆ, ಕೈಯಲ್ಲಿದೆ. ಆಯ್ತು, ಮುಂದೆ.

[ದೃಶ್ಯ: ಮಳೆ, ಛತ್ರಿಗಳು, ದೊಡ್ಡ ಕ್ರೀಡಾಂಗಣ]

2013ರ ಡಿಸೆಂಬರ್ 10. ಜೋಹಾನ್ಸ್‌ಬರ್ಗ್‌ನ ಎಫ್‌ಎನ್‌ಬಿ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಶ್ರದ್ಧಾಂಜಲಿ ಸಭೆ. ಒಬಾಮಾ ಬಂದಿದ್ರು, ನಮ್ಮ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರೂ ಮಾತಾಡಿದ್ರು. ಒಬಾಮಾ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ, ಸೂಟು ತೊಟ್ಟ ಒಬ್ಬಾತ ನಿಂತು ಸನ್ನೆ ಮಾಡ್ತಿದ್ದ. ಕೇಳಿಸುವವರೆಲ್ಲ "ಅಬ್ಬಾ, ಎಷ್ಟು ಕಾಳಜಿ" ಅಂದುಕೊಂಡ್ರು. ಟೀವಿ ಮುಂದೆ ಕೂತಿದ್ದ ಕಿವುಡರಿಗೆ ಮಾತ್ರ ತಲೆಬುಡ ಗೊತ್ತಾಗಲಿಲ್ಲ.

ಗೊತ್ತಾಗೋಕೆ ಅಲ್ಲಿ ಏನಾದ್ರೂ ಇರಬೇಕಲ್ಲ! ಆತ ಮಾಡಿದ್ದು ಯಾವ ಸನ್ನೆ ಭಾಷೆಯೂ ಅಲ್ಲ. ವಿಲ್ಮಾ ನ್ಯೂಹೌಟ್-ಡ್ರುಚೆನ್ ಅಂತ ಅಲ್ಲಿನ ಸಂಸತ್ತಿನ ಸದಸ್ಯೆ, ಸ್ವತಃ ಕಿವುಡರು. ಆತನಿಗೆ ಸನ್ನೆ ಬರೋದಿಲ್ಲ, ಕೆಳಗಿಳಿಸಿ ಅಂತ ಸಭೆ ನಡೀತಿರುವಾಗಲೇ ಟ್ವೀಟ್ ಮಾಡಿದ್ರು.

[ಕ್ಲೋಸ್‌ಅಪ್: ನನ್ನ ಹುಬ್ಬು]

ಅಷ್ಟು ಬೇಗ ಹೇಗೆ ಗೊತ್ತಾಯ್ತು? ಕೈಯಿಂದಷ್ಟೇ ಅಲ್ಲ, ಮುಖದಿಂದ. ಇಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ತೀನಿ, ಎಡಿಟರ್ ಬೈದ್ರೂ ಪರವಾಗಿಲ್ಲ.

"ಊಟ ಆಯ್ತು" ಅಂದ್ರೆ ಸುದ್ದಿ. "ಊಟ ಆಯ್ತಾ" ಅಂದ್ರೆ ಪ್ರಶ್ನೆ. ಕೊನೆಯಲ್ಲಿ ಒಂದು 'ಆ', ಅಷ್ಟೇ ವ್ಯತ್ಯಾಸ. ಎಷ್ಟೋ ಸನ್ನೆ ಭಾಷೆಗಳಲ್ಲಿ ಆ 'ಆ' ಇರೋದು ಹುಬ್ಬಿನಲ್ಲಿ. ಕೈ ಅದೇ ಸನ್ನೆ ಮಾಡುತ್ತೆ. ಹುಬ್ಬು ಮೇಲೆ ಹೋದ್ರೆ "ಆಯ್ತಾ?", ಇದ್ದಲ್ಲೇ ಇದ್ರೆ "ಆಯ್ತು". ತಲೆ ಅಡ್ಡಡ್ಡ ಆಡಿಸಿದ್ರೆ "ಆಗಿಲ್ಲ". ನಾವು ಮುಖಭಾವ ಅಂತೀವಲ್ಲ, ಅಲ್ಲಿ ಅದು ಬರೀ ಭಾವ ಅಲ್ಲ, ವ್ಯಾಕರಣ. ಹಳಗನ್ನಡದ ವೈಯಾಕರಣಿ ಯಾರಾದ್ರೂ ಸನ್ನೆ ಭಾಷೆಗೆ ಸೂತ್ರ ಬರೆಯೋಕೆ ಕೂತಿದ್ರೆ ಒಂದು ಪ್ರಕರಣ ಪೂರ್ತಿ ಹುಬ್ಬಿಗೇ ಮೀಸಲಿಡಬೇಕಾಗ್ತಿತ್ತು.

ಈಗ ಆ ವೇದಿಕೆಗೆ ಬನ್ನಿ. ಒಬಾಮಾ ದನಿ ಏರಿಸಿದ್ರೂ ಇಳಿಸಿದ್ರೂ ಪಕ್ಕದಲ್ಲಿದ್ದಾತನ ಮುಖ ಕಲ್ಲು. ವಾರ್ತೆ ಓದುವವರು ಗಂಭೀರವಾಗಿ "ಮರ ಹೋಗು ನಾನು ತಟ್ಟೆ ಮೂರು" ಅಂತ ಓದ್ತಾ ಹೋದ್ರೆ ಹೇಗಿರುತ್ತೆ, ಹಾಗೆ. ಧನ್ಯವಾದ ಅನ್ನೋ ಸನ್ನೆಯೂ ಬರಲಿಲ್ಲ ಅಂದ್ರು ಅಲ್ಲಿನ ಕಿವುಡರ ಒಕ್ಕೂಟ ಡೆಫ್‌ಎಸ್‌ಎಯವರು.

ಜಗತ್ತೇ ನಕ್ಕಿತು, ಮೀಮ್ ಆಯ್ತು. ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. 2012ರಲ್ಲಿ ಆಡಳಿತ ಪಕ್ಷ ಎಎನ್‌ಸಿಯ ಕಾರ್ಯಕ್ರಮದಲ್ಲೂ ಇದೇ ವ್ಯಕ್ತಿ ನಿಂತಿದ್ದ. ಆಗಲೇ ಕಿವುಡರು ದೂರು ಕೊಟ್ಟಿದ್ರು. ಕಿವಿ ಇದ್ದವರು ಕೇಳಿಸಿಕೊಳ್ಳಲಿಲ್ಲ. ಜುಲು ಅನುವಾದ ಮಾಡ್ತೀನಿ ಅಂತ ಬಂದವನು ಹೀಗೆ ಬಡಬಡಿಸಿದ್ದಿದ್ರೆ ಎರಡೇ ನಿಮಿಷಕ್ಕೆ ಮೈಕ್ ಕಿತ್ತುಕೊಳ್ತಿದ್ರು. ಪ್ರಶ್ನೆ ಕಳಿಸಿದವರೇ, ಮಾನ್ಯತೆ ಬೇಕಿರೋದು ಕೈ ಆಡಿಸೋಕಲ್ಲ ಸ್ವಾಮಿ. "ಇದು ತಪ್ಪು" ಅಂತ ಆ ಭಾಷೆಯವರು ಹೇಳಿದಾಗ ಅವರ ಮಾತು ನಡೀಬೇಕಲ್ಲ, ಅದಕ್ಕೆ.

[ಗ್ರಾಫಿಕ್ಸ್: 11 ಭಾಷೆಗಳ ಪಟ್ಟಿ]

1996ರ ಸಂವಿಧಾನ ದಕ್ಷಿಣ ಆಫ್ರಿಕಾದಲ್ಲಿ 11 ಭಾಷೆಗಳನ್ನ ಅಧಿಕೃತ ಮಾಡ್ತು. ಸನ್ನೆ ಭಾಷೆಗೆ ಸಿಕ್ಕಿದ್ದು, ಭಾಷಾ ಮಂಡಳಿ ಅದನ್ನ ಬೆಳೆಸಬೇಕು ಅನ್ನೋ ಒಂದು ಸಾಲು. ಅದೇ ವರ್ಷದ ಶಾಲಾ ಕಾಯ್ದೆ, ಕಲಿಕೆಯ ಮಟ್ಟಿಗೆ ಅದನ್ನ ಅಧಿಕೃತ ಭಾಷೆಯಂತೆ ಕಾಣಬೇಕು ಅಂತು. ಸರಿ, ಮಕ್ಕಳು ಆ ಭಾಷೆಯಲ್ಲಿ 12ನೇ ಕ್ಲಾಸಿನ ಪರೀಕ್ಷೆ ಬರೆದಿದ್ದು ಯಾವಾಗ? 2018ರಲ್ಲಿ. ಕಾಯ್ದೆ ಬಂದ ವರ್ಷ ಹುಟ್ಟಿದ ಮಗು ಅಷ್ಟೊತ್ತಿಗೆ ಶಾಲೆ ಬಿಟ್ಟು ವರ್ಷಗಳಾಗಿರುತ್ತೆ.

ವರ್ಣಭೇದದ ಕಾಲದ್ದು ಇನ್ನೊಂದು ವಿಚಿತ್ರ. ಕಿವುಡ ಮಕ್ಕಳ ಶಾಲೆಗಳನ್ನೂ ಬಣ್ಣ ನೋಡಿ ಬೇರೆ ಮಾಡಿದ್ರು. ಬಿಳಿಯರ ಶಾಲೆಯಲ್ಲಿ ಮಗು ಬಾಯಲ್ಲೇ ಮಾತಾಡಬೇಕು, ತುಟಿ ನೋಡಿ ತಿಳ್ಕೋಬೇಕು ಅನ್ನೋ ಹಟ. ಕಡಿಮೆ ದುಡ್ಡು ಸಿಗ್ತಿದ್ದ ಕರಿಯರ ಶಾಲೆಗಳಲ್ಲಿ ಸನ್ನೆಗೆ ಅಷ್ಟು ಅಡ್ಡಿ ಇರಲಿಲ್ಲ. ಹೀಗೆ ಶಾಲೆಗೊಂದು ಪದಕೋಶ ಬೆಳೀತು. "ನಿಮ್ಮದು ಒಂದು ಭಾಷೆಯೋ, ಹತ್ತೋ?" ಅಂತ ಕೇಳೋರಿಗೆ ಅದೇ ನೆಪ. ಪದ ಬೇರೆ, ವ್ಯಾಕರಣ ಒಂದೇ ಅಂತ ಭಾಷಾವಿಜ್ಞಾನಿಗಳು ತೋರಿಸಿದ್ರು. ಧಾರವಾಡದವರಿಗೂ ಮಂಗಳೂರಿನವರಿಗೂ ಪದ ಹೊಂದಲ್ಲ ಅಂತ ಕನ್ನಡವನ್ನ ಎರಡು ಅಂತೀವಾ?

ಕೊನೆಗೆ 2023ರ ಜುಲೈ 19ರಂದು ಅಧ್ಯಕ್ಷ ಸಿರಿಲ್ ರಾಮಫೋಸಾ ಸಂವಿಧಾನದ 18ನೇ ತಿದ್ದುಪಡಿಗೆ ಸಹಿ ಹಾಕಿದ್ರು. ಸನ್ನೆ ಭಾಷೆ 12ನೇ ಅಧಿಕೃತ ಭಾಷೆ ಆಯ್ತು. ಹಿಂದಿನ ದಿನ ಮಂಡೇಲಾ ಹುಟ್ಟುಹಬ್ಬ.

[ಟೈಮರ್ ಕಾಣಿಸುತ್ತೆ]

ಟೈಮ್ ಆಗೋಯ್ತು, ಉಳಿದಿದ್ದು ಒಂದೇ ಉಸಿರಿಗೆ. ಉಗಾಂಡ 1995, ನ್ಯೂಜಿಲೆಂಡ್ 2006, ಕೀನ್ಯಾ 2010, ಬ್ರಿಟನ್ 2022, ಒಬ್ಬೊಬ್ಬರದು ಒಂದೊಂದು ಥರದ ಮಾನ್ಯತೆ. ನಮ್ಮಲ್ಲಿ? 2011ರ ಜನಗಣತಿ ಪ್ರಕಾರ ಶ್ರವಣದೋಷ ಇರೋರು 50 ಲಕ್ಷ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಕೇಂದ್ರ 2015ರಲ್ಲಿ ಶುರುವಾಯ್ತು, 2021ಕ್ಕೆ ಅದರ ನಿಘಂಟು 10,000 ಪದ ಮುಟ್ತು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಇಂಟರ್‌ಪ್ರಿಟರ್ ಜೊತೆ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ರು. ಆದ್ರೆ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಸನ್ನೆ ಭಾಷೆ ಇಲ್ಲ. ತುಳುನೂ ಇಲ್ಲ, ಕೊಡವನೂ ಇಲ್ಲ. ಸರತಿ ಉದ್ದ ಇದೆ.

ಇವತ್ತು ಸ್ಕ್ರೀನಿನ ಕೆಳಗಿನ ಮೂಲೆಯಲ್ಲಿ ನಮ್ಮ ಇಂಟರ್‌ಪ್ರಿಟರ್ ಇದ್ದಾರೆ. ಅವರ ಸನ್ನೆ ಸರಿ ಇದೆಯಾ ಅಂತ ಅಪ್‌ಲೋಡ್‌ಗೆ ಮೊದಲು ಇಬ್ಬರು ಕಿವುಡ ಗೆಳೆಯರಿಗೆ ತೋರಿಸಿದ್ವಿ. ಅವರು ಹಿಡಿದ ತಪ್ಪು ಎರಡು, ಎರಡೂ ನನ್ನವು: ತುಂಬಾ ಬೇಗ ಮಾತಾಡ್ತೀನಿ, ಹುಬ್ಬು ಸುಮ್ಮಸುಮ್ಮನೆ ಏರಿಸ್ತೀನಿ.